ಹೊರದೇಶದ ವಿದ್ಯಾರ್ಥಿಗೆ ಬೆಳಗಾವಿಯ ಸಿವಿಲ್: ಕಾಲೇಜಿಗಿಂತ ಮೊದಲು ವಿಭಾಗ ನೋಡಿ

ಹನ್ನೆರಡನೇ ತರಗತಿಯ ಫಲಿತಾಂಶ ಬರುವ ದಿನಗಳಲ್ಲಿ ದುಬೈ, ಮಸ್ಕತ್, ಕುವೈತ್‌ಗಳ ಕನ್ನಡದ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಮಗನಿಗೋ ಮಗಳಿಗೋ ಸಿವಿಲ್ ಎಂಜಿನಿಯರಿಂಗ್ ಓದುವ ಮನಸ್ಸು. ಅಜ್ಜನ ಮನೆ ಬೆಳಗಾವಿಯಲ್ಲೋ ಗೋಕಾಕದಲ್ಲೋ ಇದೆ. ಊರಿಗೇ ಕಳಿಸಿದರೆ ಹೇಗೆ? ಅಮೆರಿಕದಲ್ಲಿ ಹುಟ್ಟಿ ಒಸಿಐ ಕಾರ್ಡ್ ಇಟ್ಟುಕೊಂಡ ಮಕ್ಕಳ ತಂದೆತಾಯಿ ಇದನ್ನೇ ಕೇಳುತ್ತಾರೆ. ಭಾರತದ ನಂಟೇ ಇಲ್ಲದೆ ನೇಪಾಳದಿಂದಲೋ ಆಫ್ರಿಕಾದ ದೇಶಗಳಿಂದಲೋ ಬರಲು ಯೋಚಿಸುವ ಹುಡುಗ ಹುಡುಗಿಯರೂ ಕೇಳುತ್ತಾರೆ. ಮೂವರ ಪ್ರಶ್ನೆ ಒಂದೇ ಆದರೂ ಮೂವರಿಗೂ ಬಾಗಿಲು ಬೇರೆ, ದಾಖಲೆ ಬೇರೆ, ಓದು ಮುಗಿದ ಮೇಲಿನ ದಾರಿಯೂ ಬೇರೆ. ಅವರಿಗೆ ಸಿಗುವ ಉತ್ತರ ಮಾತ್ರ ಸಾಮಾನ್ಯವಾಗಿ ಒಂದೇ: ಕಾಲೇಜಿನ ಹೆಸರು, ಕಟ್ಟಡದ ಚಿತ್ರ, ಏಜೆಂಟನ ಫೋನ್ ನಂಬರು.

ಸಿವಿಲ್ ಓದಲು ಹೊರದೇಶದಿಂದ ಬರುವವರು ಕಾಲೇಜಿನ ಹೆಸರಿಗೆ ಮರುಳಾಗದೆ ಅದರ ಸಿವಿಲ್ ವಿಭಾಗವನ್ನು ತೂಗಿ ನೋಡಬೇಕು ಎಂಬುದು ಈ ಸಮೀಕ್ಷೆಯ ಒಟ್ಟು ಮಾತು. ಆ ವಿಭಾಗದ ಪದವಿ ನೀವು ಮುಂದೆ ದುಡಿಯಲಿರುವ ದೇಶದಲ್ಲಿ ನಡೆಯುತ್ತದೆಯೇ, ಅದರ ಪ್ರಯೋಗಾಲಯಗಳಲ್ಲಿ ನಿಜಕ್ಕೂ ಕೆಲಸ ಸಾಗಿದೆಯೇ, ಅದು ವಿದ್ಯಾರ್ಥಿಗಳನ್ನು ಹೊರಗಿನ ನೆಲಕ್ಕೆ ಕರೆದೊಯ್ಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಉಳಿದದ್ದೆಲ್ಲ ಸುಲಭ.

ಬೆಳಗಾವಿ ಕಲಿಕೆಯ ಊರಾದ ಬಗೆ

1956ರವರೆಗೆ ಬೆಳಗಾವಿ ಮುಂಬೈ ಪ್ರಾಂತಕ್ಕೆ ಸೇರಿತ್ತು. ಈ ಭಾಗದವರು ಎಂಜಿನಿಯರಿಂಗ್ ಓದಬೇಕೆಂದರೆ ಪುಣೆಗೆ ಹೋಗುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸೀಮೆಯಿಂದ ಹೋಗಿ ಸಿವಿಲ್ ಓದಿದ್ದೂ ಪುಣೆಯಲ್ಲೇ. 1884ರಲ್ಲಿ ಅವರು ನೌಕರಿಗೆ ಸೇರಿದ್ದು ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಗೆ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆ 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ ಉತ್ತರ ಕರ್ನಾಟಕದವರಿಗೆ ಹತ್ತಿರದಲ್ಲೇ ಒಂದು ದಾರಿಯಾಯಿತು. ಬೆಳಗಾವಿ ನಗರಕ್ಕೆ ಮಾತ್ರ ಇನ್ನೂ ಮೂರು ದಶಕ ಹಿಡಿಯಿತು. 1979ರಲ್ಲಿ ಕರ್ನಾಟಕ ಲಾ ಸೊಸೈಟಿಯ ಗೋಗಟೆ ತಾಂತ್ರಿಕ ಸಂಸ್ಥೆ ಮತ್ತು ಕೆಎಲ್‌ಇ ಸಂಸ್ಥೆಯ ಡಾ. ಎಂ.ಎಸ್. ಶೇಷಗಿರಿ ಕಾಲೇಜು ಎರಡೂ ಉದ್ಯಮಬಾಗದಲ್ಲಿ, ಫೌಂಡ್ರಿಗಳ ನೆರೆಯಲ್ಲಿ ತಲೆ ಎತ್ತಿದವು. ಆಮೇಲೆ ಮರಾಠಾ ಮಂಡಳ, ಅಂಗಡಿ, ಜೈನ್ ಕಾಲೇಜುಗಳು ಬಂದವು. ನೀರಾವರಿ ತಜ್ಞ ಎಸ್.ಜಿ. ಬಾಳೇಕುಂದ್ರಿ ಅವರ ಹೆಸರಿನ ಕಾಲೇಜು ಶಿವಬಸವ ನಗರದಲ್ಲಿ ಶುರುವಾಯಿತು.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಕಚೇರಿ ಬೆಳಗಾವಿಗೆ ಬಂತು. ರಾಜ್ಯದ ಮೂಲೆಮೂಲೆಯ 200ಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳ ಪಠ್ಯ, ಪರೀಕ್ಷೆ, ಪದವಿ ಪತ್ರಗಳಿಗೆ ಮಚ್ಛೆಯ ‘ಜ್ಞಾನ ಸಂಗಮ’ ಆವರಣವೇ ಮೂಲ. ಹೊರದೇಶದ ವಿದ್ಯಾರ್ಥಿಗೆ ಇದರಿಂದ ಒಂದು ಅನುಕೂಲವಿದೆ. ಅರ್ಹತಾ ಪತ್ರ, ಅಂಕಪಟ್ಟಿಯ ದೃಢೀಕರಣ, ಪದವಿಯ ಪ್ರಮಾಣಪತ್ರ ಎಂದು ಓಡಾಡುವ ಕೆಲಸ ಬಂದರೆ ವಿಶ್ವವಿದ್ಯಾಲಯ ಅದೇ ಊರಿನಲ್ಲಿರುತ್ತದೆ. ಆದರೆ ಇಲ್ಲಿನ ಎಲ್ಲ ಪದವಿಗಳೂ ವಿಟಿಯು ಪದವಿಗಳಲ್ಲ. ಶೇಷಗಿರಿ ಕಾಲೇಜು ಈಚೆಗೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಬೆಳಗಾವಿ ಆವರಣವಾಗಿದೆ. ಗೋಗಟೆ ವಿಟಿಯು ಅಡಿಯಲ್ಲಿದ್ದರೂ ಸ್ವಾಯತ್ತ ಕಾಲೇಜು. ಪಠ್ಯ, ಪ್ರಶ್ನೆಪತ್ರಿಕೆ ಅದರದೇ. ಇನ್ನು ಕೆಲವು ಕಾಲೇಜುಗಳು ವಿಟಿಯು ಪಠ್ಯವನ್ನೇ ಓದಿಸಿ ವಿಟಿಯು ಪರೀಕ್ಷೆಯನ್ನೇ ಬರೆಸುತ್ತವೆ. ಖಾಸಗಿ ವಿಶ್ವವಿದ್ಯಾಲಯ, ಸ್ವಾಯತ್ತ, ಸಂಯೋಜಿತ ಎಂಬ ಈ ಮೂರು ಬಗೆ ಕಾಗದದ ಮೇಲಿನ ಭೇದವೆಂದು ಬಿಡುವಂತಿಲ್ಲ. ಹೊರದೇಶದಲ್ಲಿ ಪದವಿಯ ಬೆಲೆ ಕಟ್ಟುವಾಗ ಮೊದಲು ನೋಡುವುದು ಇದನ್ನೇ.

ಯಾರಿಗೆ ಯಾವ ಬಾಗಿಲು

ಎಐಸಿಟಿಇ ನಿಯಮಗಳಲ್ಲಿ ವಿದೇಶಿ ಪ್ರಜೆಗಳು, ಒಸಿಐ ಕಾರ್ಡುದಾರರು ಮತ್ತು ಕೊಲ್ಲಿ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಮಂಜೂರಾದ ಸೀಟುಗಳ ಮೇಲೆ ಶೇ. 15ರಷ್ಟು ಹೆಚ್ಚುವರಿ ಸೀಟುಗಳ ಅವಕಾಶ ಬಹುಕಾಲದಿಂದ ಇದೆ. ಅದರ ಮೂರನೇ ಒಂದು ಪಾಲು ಕೊಲ್ಲಿ ಕಾರ್ಮಿಕರ ಮಕ್ಕಳಿಗೆ ಮೀಸಲು. ಯುಜಿಸಿ 2022ರ ಮಾರ್ಗಸೂಚಿಯಲ್ಲಿ ಅಂತರರಾಷ್ಟ್ರೀಯ ವಿದ್ಯಾರ್ಥಿಗಳಿಗೆ ಶೇ. 25ರವರೆಗೆ ಹೆಚ್ಚುವರಿ ಸೀಟು ಕೊಡಬಹುದೆಂದಿತು. ಈ ಸೀಟುಗಳು ಸ್ಥಳೀಯ ಮಕ್ಕಳ ಪಾಲನ್ನು ಕಸಿಯುವುದಿಲ್ಲ. ಆದರೆ ಎಲ್ಲ ಕಾಲೇಜಿಗೂ ಇವು ತಾವಾಗಿಯೇ ಬರುವುದಿಲ್ಲ. ಕಾಲೇಜು ಅನುಮತಿ ಪಡೆದಿರಬೇಕು. ಆ ವರ್ಷದ ಅನುಮೋದನೆ ಪತ್ರದಲ್ಲಿ ಸಿವಿಲ್ ಶಾಖೆಯ ಮುಂದೆ ಈ ಅವಕಾಶ ಬರೆದಿದೆಯೇ ಎಂದು ಪತ್ರವನ್ನೇ ಕೇಳಿ ನೋಡಬೇಕು. ಬಾಯಿಮಾತಿನ ‘ಆಗುತ್ತೆ ಬಿಡ್ರಿ’ ಇಲ್ಲಿ ಸಾಲದು.

ಒಸಿಐ ಕುಟುಂಬಗಳಿಗೆ ಇನ್ನೊಂದು ಎಚ್ಚರ ಬೇಕು. 2021ರ ಮಾರ್ಚ್ 4ರ ಕೇಂದ್ರ ಅಧಿಸೂಚನೆ ಪ್ರವೇಶದ ವಿಷಯದಲ್ಲಿ ಒಸಿಐ ವಿದ್ಯಾರ್ಥಿಗಳನ್ನು ಎನ್‌ಆರ್‌ಐ ಸೀಟು ಮತ್ತು ಹೆಚ್ಚುವರಿ ಸೀಟುಗಳಿಗೆ ಸೀಮಿತಗೊಳಿಸಿತು. 2023ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ಅಧಿಸೂಚನೆಯ ದಿನದಿಂದ ಮುಂದಕ್ಕೆ ಮಾತ್ರ ಅನ್ವಯ ಎಂದಿತು. ಅಂದರೆ ಕಾರ್ಡಿನ ಮೇಲಿನ ತಾರೀಖು ಅದಕ್ಕಿಂತ ಹಿಂದಿನದೋ ಮುಂದಿನದೋ ಎಂಬುದರಿಂದ ಸೀಟಿನ ಬಗೆಯೂ ಶುಲ್ಕವೂ ಬದಲಾಗಬಹುದು. ಒಸಿಐ ಇದ್ದವರಿಗೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ನೇಪಾಳ, ಭೂತಾನದವರಿಗೂ ಬೇಕಿಲ್ಲ. ಉಳಿದ ವಿದೇಶಿ ಪ್ರಜೆಗಳು ವಿದ್ಯಾರ್ಥಿ ವೀಸಾದಲ್ಲಿ ಬಂದು 14 ದಿನಗಳೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ವೀಸಾ ಒಂದು ಕಾಲೇಜಿನ ಹೆಸರಿಗೆ ಕಟ್ಟಿಕೊಂಡಿರುತ್ತದೆ, ಮಧ್ಯದಲ್ಲಿ ಕಾಲೇಜು ಬದಲಿಸಬೇಕೆಂದರೆ ಮತ್ತೆ ಅನುಮತಿ ಬೇಕು. ಮೊದಲ ಆಯ್ಕೆಯಲ್ಲೇ ಎಚ್ಚರ ವಹಿಸಬೇಕೆನ್ನಲು ಇದೂ ಒಂದು ಕಾರಣ.

ಅರ್ಹತೆಯ ವಿಷಯದಲ್ಲಿ ಎಡವುವವರು ಹೆಚ್ಚಾಗಿ ಹೊರದೇಶದ ಪಠ್ಯಕ್ರಮದವರು. ಭೌತಶಾಸ್ತ್ರ ಮತ್ತು ಗಣಿತ ಬಿಟ್ಟು ಎಂಜಿನಿಯರಿಂಗ್‌ಗೆ ಬರಲಾಗದು. ಬ್ರಿಟಿಷ್ ‘ಎ ಲೆವೆಲ್’ನಲ್ಲಿ ಗಣಿತದ ಜೊತೆ ಅರ್ಥಶಾಸ್ತ್ರ ಆರಿಸಿಕೊಂಡ ಹುಡುಗಿ ಎಷ್ಟೇ ಜಾಣೆಯಾದರೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ವಿದೇಶಿ ಮಂಡಳಿಯ ಅಂಕಪಟ್ಟಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆಯ ಪತ್ರ ತರಬೇಕು. ಕೊಲ್ಲಿಯಲ್ಲಿ ಸಿಬಿಎಸ್‌ಇ ಓದಿದವರಿಗೆ ಈ ತೊಂದರೆ ಇಲ್ಲ. ಹಾಗಾಗಿ ತಯಾರಿ ಹತ್ತನೇ ತರಗತಿ ಮುಗಿದು ವಿಷಯ ಆರಿಸುವಾಗಲೇ ಆರಂಭವಾಗಬೇಕು.

ಶುಲ್ಕ ಭರಿಸಲಾಗದವರಿಗೆ 1950ರಲ್ಲಿ ಸ್ಥಾಪನೆಯಾದ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತಿನ ವಿದ್ಯಾರ್ಥಿವೇತನವಿದೆ, 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಟಡಿ ಇನ್ ಇಂಡಿಯಾ’ ಯೋಜನೆಯಿದೆ. ಎರಡಕ್ಕೂ ನೇರವಾಗಿ ಅರ್ಜಿ ಹಾಕಬಹುದು, ಮಧ್ಯವರ್ತಿ ಬೇಕಿಲ್ಲ.

ಪದವಿ ಎಲ್ಲಿಯವರೆಗೆ ನಡೆಯುತ್ತದೆ

2018ರಲ್ಲಿ ಕುವೈತ್‌ನಲ್ಲಿದ್ದ ಭಾರತೀಯ ಎಂಜಿನಿಯರುಗಳು ಹಠಾತ್ತನೆ ಸಂಕಟಕ್ಕೆ ಸಿಕ್ಕಿಕೊಂಡರು. ವಾಸದ ಪರವಾನಗಿ ನವೀಕರಿಸಲು ಅಲ್ಲಿನ ಎಂಜಿನಿಯರುಗಳ ಸಂಘದ ಒಪ್ಪಿಗೆ ಬೇಕೆಂದಾಯಿತು. ಆ ಸಂಘ ಭಾರತದ ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಇರುವ ಪದವಿಗಳನ್ನಷ್ಟೇ ಒಪ್ಪುತ್ತಿತ್ತು. ಹತ್ತಾರು ವರ್ಷ ಸೈಟ್‌ಗಳಲ್ಲಿ ದುಡಿದವರೂ ತಮ್ಮ ಹಳೆಯ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಹುಡುಕುವಂತಾಯಿತು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮುಂಚೆ ಓದು ಮುಗಿಸಿದವರು ಎಲ್ಲಿಂದ ಮಾನ್ಯತೆ ತರಬೇಕು? ಆ ಹಿರಿಯರಿಗೆ ಆಯ್ಕೆಯೇ ಇರಲಿಲ್ಲ. ಇಂದು ಪ್ರವೇಶ ಪಡೆಯುವವರಿಗೆ ಇದೆ. ಆದ್ದರಿಂದ ಈ ಭಾಗವನ್ನು ಅವಸರದಲ್ಲಿ ಓದಬಾರದು.

ಮಾನ್ಯತೆ ಕೊಡುವ ಇನ್ನೊಂದು ಸಂಸ್ಥೆಯಾದ ನ್ಯಾಕ್ ಇಡೀ ಕಾಲೇಜನ್ನು ಒಟ್ಟಾಗಿ ತೂಗುತ್ತದೆ, ಎನ್‌ಬಿಎ ಒಂದೊಂದು ಶಾಖೆಯನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತದೆ. ಕಾಲೇಜಿನ ಗೇಟಿನ ಮೇಲೆ ದೊಡ್ಡದಾಗಿ ‘ಎನ್‌ಬಿಎ ಮಾನ್ಯತೆ’ ಎಂದಿದ್ದರೂ ಅದು ಕಂಪ್ಯೂಟರ್ ಸೈನ್ಸ್‌ಗೆ ಸಿಕ್ಕಿದ್ದಿರಬಹುದು, ಸಿವಿಲ್‌ನ ಅವಧಿ ಮುಗಿದಿರಬಹುದು. ಎನ್‌ಬಿಎ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿದರೆ ಶಾಖೆ, ಶ್ರೇಣಿ, ಅವಧಿ ಮೂರೂ ಕಾಣುತ್ತವೆ. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ರಾಷ್ಟ್ರವಾಯಿತು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಮಲೇಷ್ಯಾ, ಶ್ರೀಲಂಕಾ, ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಯನ್ನು ಸಮಾನವೆಂದು ಒಪ್ಪುವ ವ್ಯವಸ್ಥೆ ಅದು. ಭಾರತದಲ್ಲಿ ‘ಟಯರ್-1’ ಮಾನ್ಯತೆ ಪಡೆದ ಶಾಖೆಗಳಿಗೆ ಮಾತ್ರ ಅದರ ಲಾಭ ಸಿಗುತ್ತದೆ. ಟಯರ್-1ಕ್ಕೆ ಅರ್ಜಿ ಹಾಕಬಲ್ಲವು ವಿಶ್ವವಿದ್ಯಾಲಯಗಳು ಮತ್ತು ಸ್ವಾಯತ್ತ ಕಾಲೇಜುಗಳು. ಸಂಯೋಜಿತ ಕಾಲೇಜುಗಳಿಗೆ ಸಿಗುವುದು ‘ಟಯರ್-2’. ಅದು ದೇಶದೊಳಗೆ ಗೌರವದ್ದೇ, ಆದರೆ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ.

ಒಬ್ಬ ಹುಡುಗ ಪದವಿ ಮುಗಿಸಿ ಆಸ್ಟ್ರೇಲಿಯಾಕ್ಕೆ ಮರಳುವವನಿದ್ದರೆ ಬೆಳಗಾವಿಯಲ್ಲಿ ಅವನ ಆಯ್ಕೆ ಸ್ವಾಯತ್ತ ಕಾಲೇಜು ಅಥವಾ ವಿಶ್ವವಿದ್ಯಾಲಯದ ಆವರಣಕ್ಕೆ ಸೀಮಿತವಾಗುತ್ತದೆ. ಅಲ್ಲಿಯೂ ಸಿವಿಲ್ ಶಾಖೆಯ ಟಯರ್-1 ಮಾನ್ಯತೆ ಅವನು ಪದವಿ ಪಡೆಯುವ ವರ್ಷದಲ್ಲಿ ಚಾಲ್ತಿಯಲ್ಲಿರಬೇಕು. ಮಾನ್ಯತೆಯ ಅವಧಿ ಅವನ ಓದಿನ ನಡುವೆ ಮುಗಿಯುವಂತಿದ್ದರೆ ನವೀಕರಣದ ಯೋಜನೆ ಏನೆಂದು ವಿಭಾಗದ ಮುಖ್ಯಸ್ಥರನ್ನೇ ಕೇಳಬೇಕು. ಊರಲ್ಲೇ ಗುತ್ತಿಗೆ ಹಿಡಿಯಬೇಕು, ಲೋಕೋಪಯೋಗಿ ಇಲಾಖೆ ಸೇರಬೇಕು ಎಂಬ ಕನಸಿನ ಹುಡುಗಿಗೆ ಈ ಕಟ್ಟುಪಾಡಿಲ್ಲ. ಅವಳು ಸಂಯೋಜಿತ ಕಾಲೇಜಿನ ಒಳ್ಳೆಯ ವಿಭಾಗವನ್ನು ನಿಶ್ಚಿಂತೆಯಿಂದ ಆರಿಸಬಹುದು. ಒಪ್ಪಂದ ವೃತ್ತಿಯ ಪರವಾನಗಿಯನ್ನೇನೂ ಕೊಡುವುದಿಲ್ಲ. ಅಮೆರಿಕದಲ್ಲಿ ವಿನ್ಯಾಸಕ್ಕೆ ಸಹಿ ಹಾಕಲು ಅಲ್ಲಿನ ಪರೀಕ್ಷೆಗಳನ್ನು ಬರೆಯಲೇಬೇಕು. ಇಲ್ಲಿ ಕಾಂಕ್ರೀಟಿಗೆ ಐಎಸ್ 456, ಉಕ್ಕಿಗೆ ಐಎಸ್ 800 ಸಂಹಿತೆ ಹಿಡಿದು ಕಲಿತವರು ಅಲ್ಲಿನ ಸಂಹಿತೆಯನ್ನು ಮತ್ತೆ ಅಭ್ಯಾಸ ಮಾಡಬೇಕು. ತತ್ತ್ವ ಗಟ್ಟಿಯಾಗಿ ಕಲಿತವರಿಗೆ ಅದು ಕೆಲವು ತಿಂಗಳ ಕೆಲಸ.

ವಿಭಾಗ ಉಸಿರಾಡುತ್ತಿದೆಯೇ

ಕಳೆದ ಹಲವು ವರ್ಷಗಳಿಂದ ರಾಜ್ಯದ ತುಂಬ ಸಿವಿಲ್‌ಗೆ ಬೇಡಿಕೆ ತಗ್ಗಿದೆ. ಕಂಪ್ಯೂಟರ್ ಮತ್ತು ಅದರ ಹೊಸ ಕವಲುಗಳಿಗೆ ಸೀಟು ಹೆಚ್ಚಿಸಿಕೊಂಡ ಕಾಲೇಜುಗಳು ಸಿವಿಲ್ ಸೀಟು ಇಳಿಸಿವೆ, ಕೆಲವು ಶಾಖೆಯನ್ನೇ ಮುಚ್ಚಿವೆ. ವಿದ್ಯಾರ್ಥಿಗೆ ಇದರಲ್ಲಿ ಲಾಭ, ಅಪಾಯ ಎರಡೂ ಇವೆ. ಸೀಟು ಸುಲಭವಾಗಿ ಸಿಗುತ್ತದೆ, ಸಣ್ಣ ತರಗತಿಯಲ್ಲಿ ಗುರುಗಳ ಗಮನ ಹೆಚ್ಚು ದೊರೆಯುತ್ತದೆ. ಆದರೆ ವಿದ್ಯಾರ್ಥಿಗಳಿಲ್ಲದ ವಿಭಾಗದಲ್ಲಿ ಅಧ್ಯಾಪಕರು ನಿವೃತ್ತರಾದರೆ ಆ ಜಾಗ ತುಂಬುವುದಿಲ್ಲ, ಯಂತ್ರ ಕೆಟ್ಟರೆ ರಿಪೇರಿ ಆಗುವುದಿಲ್ಲ. ಮೂರನೇ ವರ್ಷದಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಕಾಯಂ ಅಧ್ಯಾಪಕರೆಷ್ಟು, ರಚನೆ, ಮಣ್ಣು, ನೀರು, ಹೆದ್ದಾರಿ, ಪರಿಸರ ಎಂಬ ಐದೂ ಕ್ಷೇತ್ರಕ್ಕೆ ಬಲ್ಲವರು ಇದ್ದಾರೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ನಾಲ್ಕು ವರ್ಷ ಕೊಡಲಿರುವವರ ಹಕ್ಕು ಅದು.

ಭೇಟಿಗೆ ಹೋದಾಗ ಸಭಾಂಗಣ ತೋರಿಸುತ್ತಾರೆ, ಗ್ರಂಥಾಲಯ ತೋರಿಸುತ್ತಾರೆ. ಕಾಂಕ್ರೀಟ್ ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಮೂಲೆಯಲ್ಲೊಂದು ನೀರಿನ ತೊಟ್ಟಿ ಇರುತ್ತದೆ. 150 ಮಿಲಿಮೀಟರ್ ಉದ್ದ ಅಗಲ ಎತ್ತರದ ಕಾಂಕ್ರೀಟ್ ಘನಗಳನ್ನು ಅದರಲ್ಲಿ ಮುಳುಗಿಸಿಟ್ಟು 7 ದಿನಕ್ಕೆ ಕೆಲವು, 28 ದಿನಕ್ಕೆ ಕೆಲವನ್ನು ತೆಗೆದು ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಪ್ರತಿ ಘನದ ಮೈಮೇಲೆ ಎರಕ ಹೊಯ್ದ ತಾರೀಖು ಬರೆದಿರುತ್ತದೆ. ತೊಟ್ಟಿಯಲ್ಲಿ ನೀರಿದ್ದು, ಘನಗಳ ಮೇಲೆ ಇದೇ ತಿಂಗಳ ತಾರೀಖಿದ್ದು, ಒತ್ತುಯಂತ್ರಕ್ಕೆ ಅಂಟಿಸಿದ ಅಳತೆ ಪರೀಕ್ಷೆಯ ಚೀಟಿಯ ಅವಧಿ ಮುಗಿಯದಿದ್ದರೆ ಆ ವಿಭಾಗದಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ಊರಿನ ಗುತ್ತಿಗೆದಾರರು, ಪಾಲಿಕೆಯವರು ತಮ್ಮ ಮಾದರಿಗಳನ್ನು ಅಲ್ಲಿಗೇ ಪರೀಕ್ಷೆಗೆ ತರುತ್ತಿದ್ದರೆ ಇನ್ನೂ ಒಳ್ಳೆಯದು. ವಿದ್ಯಾರ್ಥಿ ಪುಸ್ತಕದ ಲೆಕ್ಕದ ಜೊತೆಗೆ ಊರಿನ ನಿಜವಾದ ಕಟ್ಟಡಗಳ ಕಾಂಕ್ರೀಟನ್ನೂ ನೋಡುತ್ತಾನೆ. ತೊಟ್ಟಿ ಒಣಗಿ ಧೂಳು ಹಿಡಿದಿದ್ದರೆ ಯಾವ ಶ್ರೇಣಿಯ ಪ್ರಮಾಣಪತ್ರವೂ ಆ ಕೊರತೆ ತುಂಬಲಾರದು.

ಖಾನಾಪುರದಿಂದ ಸವದತ್ತಿವರೆಗಿನ ನೆಲ

ಬೆಳಗಾವಿಗೆ ದೊಡ್ಡ ನಗರಗಳ ಕಾಲೇಜುಗಳ ಹೆಸರಿಲ್ಲ, ಅಷ್ಟು ಕಂಪನಿಗಳೂ ಬರುವುದಿಲ್ಲ. ಆದರೂ ಸಿವಿಲ್ ಓದುವವರಿಗೆ ಈ ಊರನ್ನು ನಾನು ಮನಸಾರೆ ಸೂಚಿಸುವುದು ಅದು ನಿಂತ ನೆಲಕ್ಕಾಗಿ. ಉದ್ಯಮಬಾಗವೂ ಮಚ್ಛೆಯೂ ಇರುವುದು ಖಾನಾಪುರ ರಸ್ತೆಯ ಮೇಲೆ. ಅದೇ ರಸ್ತೆ ಹಿಡಿದು ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ ಹೋದರೆ ಖಾನಾಪುರ. ಅಲ್ಲಿಂದ ಪಶ್ಚಿಮಕ್ಕೆ ಸಹ್ಯಾದ್ರಿ. ಕಣಕುಂಬಿ, ಆಮಗಾಂವ್ ಸುತ್ತಿನ ಮಳೆ ರಾಜ್ಯದಲ್ಲೇ ಅತಿ ಹೆಚ್ಚಿನದರ ಸಾಲಿಗೆ ಸೇರುತ್ತದೆ. ಅದೇ ಜಿಲ್ಲೆಯ ಪೂರ್ವಕ್ಕೆ, ಸವದತ್ತಿಯ ಕಡೆಗೆ ಹೊರಳಿದರೆ ಮಳೆಗಾಗಿ ಆಕಾಶ ನೋಡುವ ಎರೆ ನೆಲ.

ಪಶ್ಚಿಮದ ಜಂಬಿಟ್ಟಿಗೆ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಪೂರ್ವದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಅದರ ಮೇಲೆ ಸಾಮಾನ್ಯ ಪಾಯ ಹಾಕಿದ ಮನೆಯ ಗೋಡೆ ಸೀಳುತ್ತದೆ. ಆ ಮಣ್ಣಿಗೆ ಸುಣ್ಣ ಬೆರೆಸಿ ಹದ ಮಾಡುವುದು, ಬುಡ ಅಗಲವಾದ ಕಂಬಗಳನ್ನು ಆಳಕ್ಕೆ ಇಳಿಸುವುದು ಇವೆಲ್ಲ ಪಠ್ಯದಲ್ಲಿವೆ. ಆದರೆ ಬೆಳಗಿನ ಬಸ್ಸಿಗೆ ಹೊರಟು ಸಂಜೆಯೊಳಗೆ ಎರಡೂ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬಲ್ಲ ಕಾಲೇಜುಗಳು ಎಷ್ಟಿವೆ?

ಖಾನಾಪುರದ ಜೇಡಿಮಣ್ಣು ಇಟ್ಟಿಗೆ ಹಂಚುಗಳಿಗೆ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿ ಸ್ಥಾಪನೆಯಾದದ್ದು ಆ ಮಣ್ಣಿನ ಗುಣದಿಂದಲೇ. ಇಟ್ಟಿಗೆ ಸುಡುವ ಭಟ್ಟಿಗಳ ಬಳಿ ನಿಂತು ಮಣ್ಣಿನ ಹದ, ಬೆಂಕಿಯ ಹದ ಕಂಡವರಿಗೆ ನೀರು ಹೀರುವಿಕೆಯ ಪರೀಕ್ಷೆ ಬರೀ ಅಂಕಿಯಾಗಿ ಉಳಿಯುವುದಿಲ್ಲ. ಉದ್ಯಮಬಾಗದ ಕಾಲೇಜುಗಳ ಪಕ್ಕದಲ್ಲೇ ಫೌಂಡ್ರಿಗಳಿವೆ. ಎರಕ ಹೊಯ್ದು ಚೆಲ್ಲುವ ಮರಳನ್ನು ಕಾಂಕ್ರೀಟಿನಲ್ಲಿ ಉಸುಕಿನ ಬದಲು ಎಷ್ಟು ಪಾಲು ಬಳಸಬಹುದು ಎಂಬುದು ಇಲ್ಲಿನ ವಿದ್ಯಾರ್ಥಿಗೆ ರಸ್ತೆಯಾಚೆಯೇ ಸಿಗುವ ಪ್ರಾಜೆಕ್ಟ್ ವಿಷಯ. ನದಿಯ ಉಸುಕು ತುಟ್ಟಿಯಾಗಿರುವ ಯಾವ ದೇಶಕ್ಕೆ ಮರಳಿದರೂ ಆ ಅನುಭವ ನೆರವಿಗೆ ಬರುತ್ತದೆ.

ನೀರಿನ ವಿಷಯದಲ್ಲಂತೂ ಈ ಸೀಮೆ ಒಂದು ತೆರೆದ ಪಾಠಶಾಲೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಅದಕ್ಕೆ ಅಡ್ಡಲಾಗಿ ಅಣೆಕಟ್ಟು ಇರುವುದು ಸವದತ್ತಿಯ ನವಿಲುತೀರ್ಥದಲ್ಲಿ. ಕಣಕುಂಬಿಯ ಬಳಿಯೇ, ಗೋವಾಕ್ಕೆ ಹರಿಯುವ ಮಹದಾಯಿಯ ಕವಲಾದ ಕಳಸಾದಿಂದ ಮಲಪ್ರಭೆಗೆ ನೀರು ತಿರುಗಿಸುವ ನಾಲೆಯ ಕಾಮಗಾರಿಯಿದೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ಅದರಲ್ಲಿ ಕಳಸಾ, ಬಂಡೂರಿ ಎರಡೂ ಸೇರಿ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ ಅಡಿ. ಕುಡಿಯುವ ನೀರಿಗೆ ಕಾಯುವ ಹುಬ್ಬಳ್ಳಿ-ಧಾರವಾಡ, ತನ್ನ ನದಿ ಬತ್ತೀತೆಂಬ ಗೋವಾದ ಆತಂಕ, ನಡುವೆ ದಟ್ಟ ಕಾಡು: ಒಂದು ಕಾಲುವೆಯ ವಿನ್ಯಾಸದೊಳಗೆ ಕಾನೂನು, ಪರಿಸರ, ಬಾಯಾರಿಕೆ ಎಲ್ಲವೂ ಹೇಗೆ ಹೆಣೆದುಕೊಂಡಿರುತ್ತವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ನಗರದೊಳಗೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬರುವ ನೀರಿನ ಜಾಲವಿದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಆಯ್ದ ಬಡಾವಣೆಗಳಿಗೆ ದಿನದ 24 ಗಂಟೆ ನೀರು ಹರಿಸಿ ತೋರಿಸಿದ ಊರುಗಳಲ್ಲಿ ಬೆಳಗಾವಿಯೂ ಒಂದು. ನೀರು ಮಿತಿಮೀರಿದಾಗ ಏನಾಗುತ್ತದೆಂಬ ಪಾಠವೂ ಇಲ್ಲಿದೆ: 2019ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆ ಮಹಾಪೂರದಲ್ಲಿ ಮುಳುಗಿತು.

ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಅಲ್ಲಿನ ಜನ ರೋಗಿಗಳನ್ನು ಹೆಗಲ ಮೇಲೆ ಹೊತ್ತು ಸಾಗಿಸಬೇಕಾಗುತ್ತದೆ. ಕಾಡಿನ ಕಾನೂನು ಮೀರದೆ, ಪ್ರಾಣಿಗಳ ದಾರಿಗೆ ಅಡ್ಡವಾಗದೆ, ಕಡಿಮೆ ಖರ್ಚಿನಲ್ಲಿ ಒಂದು ಕಾಲುಸೇತುವೆ ಹಾಕುವುದು ಹೇಗೆ? ನೇಪಾಳದ ಬೆಟ್ಟಗಳಿಂದ, ಪೂರ್ವ ಆಫ್ರಿಕಾದ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗೆ ಈ ಪ್ರಶ್ನೆ ತನ್ನೂರಿನದೇ ಅನ್ನಿಸುತ್ತದೆ. ಅಲ್ಲಿಗೆ ಮರಳಿದ ಮೇಲೆ ಅವನು ಕಟ್ಟಬೇಕಾದದ್ದೂ ಇಂಥದನ್ನೇ.

ಆದರೆ ಈ ನೆಲವನ್ನು ಬಳಸಿಕೊಳ್ಳುವ ಕಾಲೇಜು ಯಾವುದು ಎಂಬುದೇ ಆಯ್ಕೆಯ ತಿರುಳು. ಸರ್ವೇ ಶಿಬಿರ ಕಾಲೇಜಿನ ಹುಲ್ಲುಹಾಸಿನ ಮೇಲೆ ಮುಗಿಯುತ್ತದೆಯೋ, ಖಾನಾಪುರದ ಏರುತಗ್ಗಿನಲ್ಲಿ ನಡೆಯುತ್ತದೆಯೋ? ಕಳೆದ ವರ್ಷದ ಪ್ರಾಜೆಕ್ಟ್ ವರದಿಗಳನ್ನು ಕೇಳಿ ಹತ್ತು ಪುಟ ತಿರುವಿದರೆ ಉತ್ತರ ಸಿಗುತ್ತದೆ.

ಊರಿನ ಬದುಕು

ಬೆಳಗಾವಿಗೆ ಹೊರದೇಶದ ವಿದ್ಯಾರ್ಥಿಗಳು ಹೊಸಬರಲ್ಲ. ಮಲೇಷ್ಯಾದ ವಿಶ್ವವಿದ್ಯಾಲಯದೊಂದಿಗಿನ ಕೆಎಲ್‌ಇ ವೈದ್ಯಕೀಯ ಕಾರ್ಯಕ್ರಮದಿಂದಾಗಿ ಮಲೇಷ್ಯಾದ ಮಕ್ಕಳು ಇಲ್ಲಿ ಬಾಡಿಗೆ ಮನೆ ಹಿಡಿದು, ಸಂತೆ ಮಾಡಿ ಬದುಕಿದ್ದಾರೆ. ಆದರೆ ಅವರಿಗಿದ್ದ ದೊಡ್ಡ ಗುಂಪು, ಪ್ರತ್ಯೇಕ ವ್ಯವಸ್ಥೆ ಸಿವಿಲ್ ಓದಲು ಬರುವ ಒಬ್ಬಿಬ್ಬರಿಗೆ ಸಿಗುವುದು ಕಷ್ಟ. ನೋಂದಣಿ, ಬ್ಯಾಂಕ್ ಖಾತೆ, ರಜೆಯಲ್ಲಿ ಹಾಸ್ಟೆಲ್ ತೆರೆದಿರುತ್ತದೆಯೇ ಎಂಬಂಥ ವಿಷಯಗಳಿಗೆ ಉತ್ತರಿಸುವ ಒಬ್ಬ ಜವಾಬ್ದಾರಿ ವ್ಯಕ್ತಿಯ ಹೆಸರನ್ನು ಪ್ರವೇಶಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು. ಶುಲ್ಕ ಡಾಲರಿನಲ್ಲೋ ರೂಪಾಯಿಯಲ್ಲೋ, ನಾಲ್ಕು ವರ್ಷಕ್ಕೂ ಒಂದೇ ದರವೋ, ಬಿಟ್ಟು ಹೋದರೆ ಎಷ್ಟು ವಾಪಸು ಬರುತ್ತದೆ ಎಂಬುದು ಕಾಲೇಜಿನ ಮುದ್ರೆಯಿರುವ ಪತ್ರದಲ್ಲಿರಬೇಕು. ಹಣ ಹೋಗಬೇಕಾದದ್ದು ಕಾಲೇಜಿನ ಖಾತೆಗೆ, ಏಜೆಂಟನ ಖಾತೆಗಲ್ಲ.

ಪಾಠ ಇಂಗ್ಲಿಷಿನಲ್ಲಿ. ಸೈಟಿನಲ್ಲಿ ಗೌಂಡಿಗಳ ಮಾತು ಕನ್ನಡ, ಮರಾಠಿ. ವಿಟಿಯು ಪಠ್ಯದಲ್ಲಿ ಕನ್ನಡ ಬಾರದವರಿಗಾಗಿ ‘ಬಳಕೆ ಕನ್ನಡ’ ಇದೆ. ಅದನ್ನು ಅಂಕಕ್ಕಾಗಿ ಓದಿ ಮರೆಯದೆ ನಾಲಿಗೆಗೆ ತಂದುಕೊಂಡವರು ಖಡಿ, ಉಸುಕು, ಗಿಲಾವು ಎನ್ನುತ್ತ ಕೆಲಸಗಾರರ ಜೊತೆ ನಿಂತು ಕಲಿಯುತ್ತಾರೆ. ಹೊರದೇಶದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಮನೆಮಾತು ಉದ್ಯೋಗದ ಮಾತೂ ಆಗುವ ಅವಕಾಶ ಇದು.

ಕೊನೆಗೆ ತೂಗುವಾಗ

ಬೆಳಗಾವಿಯೇ ಎಲ್ಲರಿಗೂ ಸರಿ ಎನ್ನಲಾರೆ. ಜೆಇಇ ರ್‍ಯಾಂಕ್ ಚೆನ್ನಾಗಿದ್ದವರು ಹೊರದೇಶದವರಿಗೆಂದೇ ಇರುವ ‘ದಾಸಾ’ ವ್ಯವಸ್ಥೆಯ ಮೂಲಕ 1960ರಿಂದ ನಡೆದುಬಂದ ಸುರತ್ಕಲ್‌ನ ಎನ್‌ಐಟಿಕೆಗೆ ಪ್ರಯತ್ನಿಸಲಿ. ಪಕ್ಕದ ಧಾರವಾಡದಲ್ಲಿ 2016ರಲ್ಲಿ ಆರಂಭವಾದ ಐಐಟಿ ಇದೆ. ಗಗನಚುಂಬಿ ಕಟ್ಟಡ, ಮೆಟ್ರೊ, ದೊಡ್ಡ ವಿನ್ಯಾಸ ಕಂಪನಿಗಳತ್ತ ಮನಸ್ಸಿದ್ದವರಿಗೆ ಬೆಂಗಳೂರು ಸೂಕ್ತ. ನೀರು, ಮಣ್ಣು, ರಸ್ತೆ, ಹಳ್ಳಿಯ ಕಟ್ಟಡಗಳಲ್ಲಿ ದುಡಿಯುವ ಹಂಬಲವಿದ್ದವರಿಗೆ, ಕಡಿಮೆ ಖರ್ಚಿನ ಶಾಂತ ಊರು ಬೇಕೆನ್ನುವವರಿಗೆ ಬೆಳಗಾವಿ ಒಳ್ಳೆಯ ಆಯ್ಕೆ.

ಇಲ್ಲಿನ ಕಾಲೇಜುಗಳಿಗೂ ಒಂದು ಮಾತು. ಹೊರಗಿನ ಮಕ್ಕಳನ್ನು ಕರೆಯುವಾಗ ಕಟ್ಟಡದ ಚಿತ್ರಗಳ ಬದಲು ಸಿವಿಲ್ ಶಾಖೆಯ ಮಾನ್ಯತೆಯ ಶ್ರೇಣಿ, ಅವಧಿ, ಅಧ್ಯಾಪಕರ ಪಟ್ಟಿ, ಶುಲ್ಕದ ವಿವರ, ಖಾನಾಪುರದ ನೆಲದಲ್ಲಿ ಮಾಡಿದ ಪ್ರಾಜೆಕ್ಟುಗಳನ್ನು ಮುಂದಿಡಲಿ. ಹಾಗೆ ಮಾಡಿದರೆ ಬರಿದಾಗುತ್ತಿರುವ ಸಿವಿಲ್ ತರಗತಿಗಳಿಗೆ ನಾಲ್ಕು ದೇಶಗಳ ಮಕ್ಕಳು ಬಂದಾರು, ಅವರ ಜೊತೆ ಕೂತು ಓದುವ ಬೈಲಹೊಂಗಲದ, ಖಾನಾಪುರದ ಮಕ್ಕಳಿಗೂ ವಿಭಾಗ ಉಳಿದೀತು. ಅಪ್ಪ ಅಮ್ಮಂದಿರು ಪ್ರಶ್ನೆ ಕೇಳಲು ಸಂಕೋಚಪಡಬಾರದು. ಉತ್ತರ ಕೊಡಲು ಸಂಕೋಚಪಡುವ ವಿಭಾಗಕ್ಕೆ ಮಗುವಿನ ನಾಲ್ಕು ವರ್ಷಗಳನ್ನು ಒಪ್ಪಿಸಲೂ ಬಾರದು.